ದೊಡ್ಡ ಊರಲ್ಲಿ ಬರ್ಗರ್ ತಿನ್ನೋಕೆ ನನಗಿಷ್ಟವಾದ ಜಾಗಗಳು

ದೊಡ್ಡ ಊರಲ್ಲಿ ಇರುವವರನ್ನು ಎಲ್ಲರೂ ಕೇಳುವ ಪ್ರಶ್ನೆ ಇದು: ಒಳ್ಳೇ ಬರ್ಗರ್ ಎಲ್ಲಿ ಸಿಗುತ್ತದೆ? ಕೇಳಿದವರಿಗೆ ಒಂದು ಹೆಸರು ಬೇಕು, ಅಷ್ಟೇ. ನಾನು ಮಾತ್ರ ಹೆಸರು ಹೇಳೋಕೆ ಹಿಂದೆಮುಂದೆ ನೋಡುತ್ತೇನೆ. ಗುಟ್ಟು ಕಾಪಾಡಬೇಕು ಅಂತಲ್ಲ. ದೊಡ್ಡ ಊರಲ್ಲಿ ಬಾಡಿಗೆ ಏರುತ್ತದೆ, ಅಂಗಡಿ ಮುಚ್ಚುತ್ತದೆ, ಕಾವಲಿ ಮುಂದೆ ನಿಲ್ಲುತ್ತಿದ್ದವನು ಬೇರೆ ಕಡೆ ಕೆಲಸಕ್ಕೆ ಹೋಗುತ್ತಾನೆ, ಬೋರ್ಡು ಮಾತ್ರ ಹಾಗೇ ಇರುತ್ತದೆ. ಹೋದ ವರ್ಷದ ಟಾಪ್ ಹತ್ತು ಪಟ್ಟಿ ಹಿಡಿದುಕೊಂಡು ಹೋದರೆ ಅರ್ಧ ಕಡೆ ಷಟರ್ ಎಳೆದಿರುತ್ತದೆ, ಇನ್ನರ್ಧ ಕಡೆ ಫೋಟೋ ತೆಗೆಯುವವರ ಸಾಲು ಇರುತ್ತದೆ. ಅದಕ್ಕೇ ಹೆಸರು ಬಿಡಿ. ನಾನು ಮತ್ತೆ ಮತ್ತೆ ಹೋಗೋದು ಎಂಥ ಜಾಗಕ್ಕೆ, ಯಾಕೆ ಅಂತ ಹೇಳುತ್ತೇನೆ. ಅಂಥ ಜಾಗ ಯಾವ ದೊಡ್ಡ ಊರಲ್ಲಾದರೂ ಒಂದೆರಡು ಇದ್ದೇ ಇರುತ್ತವೆ.

ನನ್ನ ಲೆಕ್ಕ ಬಹಳ ಸುಲಭ. ಬರ್ಗರಿಗೆ ಆಯಸ್ಸು ಕಡಿಮೆ. ಕಾವಲಿಯಿಂದ ಇಳಿದ ಮೇಲೆ ಕೆಲವೇ ನಿಮಿಷ ಅದು ಚೆನ್ನಾಗಿರುತ್ತದೆ. ಆಮೇಲೆ ಕೊಬ್ಬು ಗಟ್ಟಿಯಾಗುತ್ತದೆ, ಚೀಸ್ ರಬ್ಬರ್ ಆಗುತ್ತದೆ, ಕೆಳಗಿನ ಬನ್ ನೆನೆದು ಕೈಗೆ ಅಂಟುತ್ತದೆ. ಹಾಗಾಗಿ ಜಾಗ ಆರಿಸುವಾಗ ನಾನು ಮೊದಲು ಮೆನು ನೋಡುವುದಿಲ್ಲ. ಕಾವಲಿ ಎಲ್ಲಿದೆ, ನಾನು ಎಲ್ಲಿ ಕೂರುತ್ತೇನೆ, ಎರಡರ ಮಧ್ಯೆ ಎಷ್ಟು ದೂರ ಅಂತ ನೋಡುತ್ತೇನೆ. ದೂರ ಕಡಿಮೆ ಇದ್ದಷ್ಟೂ ಬರ್ಗರ್ ಚೆನ್ನಾಗಿರುತ್ತದೆ. ಇದಕ್ಕೆ ಅಪವಾದ ಇಲ್ಲ ಅಂತಲ್ಲ, ಆದರೆ ಕಡಿಮೆ.

ಈ ಲೆಕ್ಕದಲ್ಲಿ ಮೊದಲ ಸ್ಥಾನ ಕೌಂಟರ್ ಅಂಗಡಿಗೆ. ಉದ್ದಕ್ಕೆ ಒಂದು ಕೌಂಟರ್, ಅದರ ಮುಂದೆ ಏಳೆಂಟು ಸ್ಟೂಲು, ಆ ಕಡೆ ಒಂದೇ ಒಂದು ಕಬ್ಬಿಣದ ಕಾವಲಿ. ಕಟ್ಟಿಕೊಂಡು ಹೋಗುವವರು ಬಾಗಿಲ ಹತ್ತಿರ ನಿಂತಿರುತ್ತಾರೆ. ಗೋಡೆ ಮೇಲಿನ ಮೆನು ಓದೋಕೆ ಅರ್ಧ ನಿಮಿಷ ಸಾಕು. ಬಟ್ಟೆಗೆಲ್ಲ ಈರುಳ್ಳಿ ವಾಸನೆ ಹತ್ತುತ್ತದೆ, ಸಂಜೆ ಯಾವುದಾದರೂ ಸಮಾರಂಭಕ್ಕೆ ಹೋಗುವುದಿದ್ದರೆ ಇಲ್ಲಿಗೆ ಬರಬೇಡಿ. ಉಳಿದ ದಿನ ಬನ್ನಿ, ಆದಷ್ಟೂ ಕಾವಲಿ ಎದುರಿಗಿನ ಸ್ಟೂಲ್ ಹಿಡಿಯಿರಿ.

ಅಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ ಏನೇನು ನಡೆಯುತ್ತದೆ ಅಂತ. ಅಡುಗೆಯವನು ಫ್ರಿಜ್ಜಿನಿಂದ ಕೈಮಾದ ಉಂಡೆ ತೆಗೆಯುತ್ತಾನೆ. ಉಂಡೆ ತಣ್ಣಗಿರಬೇಕು, ಸಡಿಲವಾಗಿ ಕಟ್ಟಿರಬೇಕು. ಹೊಗೆಯಾಡುವ ಕಾವಲಿ ಮೇಲೆ ಇಡುತ್ತಾನೆ, ಮೇಲೊಂದು ಕಾಗದದ ತುಂಡು ಹಾಕಿ ಕಬ್ಬಿಣದ ಅಚ್ಚಿನಿಂದ ಮೈಭಾರ ಬಿಟ್ಟು ಒತ್ತುತ್ತಾನೆ. ಒತ್ತುವುದು ಒಂದೇ ಸಲ, ಅದೂ ಮೊದಲ ಅರ್ಧ ನಿಮಿಷದೊಳಗೆ. ಆಗ ಒಳಗಿನ ಕೊಬ್ಬು ಇನ್ನೂ ಕರಗಿರುವುದಿಲ್ಲ, ಒತ್ತಿದರೂ ರಸ ಹೊರಗೆ ಹೋಗುವುದಿಲ್ಲ. ಎರಡು ನಿಮಿಷ ಬೆಂದ ಮೇಲೆ ಒತ್ತಿದರೆ ಮಾತ್ರ ರಸವೆಲ್ಲ ಕಾವಲಿಗೆ ಹೋಗುತ್ತದೆ, ನಮಗೆ ಸಿಗೋದು ಒಣಗಿದ ಚೂರು. ಬೆಂದ ಪ್ಯಾಟಿಯನ್ನು, ಅಂದರೆ ಆ ಕೈಮಾ ಬಿಲ್ಲೆಯನ್ನು, ಮಗುಚೋ ಕೈಯಿಂದ ಸುಮ್ನೆ ಪದೇ ಪದೇ ಒತ್ತುತ್ತಾ ಚುರ್ ಅನ್ನಿಸುವ ಅಡುಗೆಯವರನ್ನು ಕಂಡರೆ ನಾನು ಎದ್ದು ಬಂದುಬಿಡುತ್ತೇನೆ.

ಒತ್ತಿ ಆದ ಮೇಲೆ ಒಳ್ಳೆಯವನು ಅದನ್ನು ಮುಟ್ಟುವುದಿಲ್ಲ. ಉಪ್ಪು, ಮೆಣಸಿನಪುಡಿ ಮೇಲಿಂದ ಉದುರಿಸಿ ಬನ್ ಕಡೆ ತಿರುಗುತ್ತಾನೆ. ಪ್ಯಾಟಿಯ ಅಂಚು ತೆಳ್ಳಗಾಗಿ, ಲೇಸಿನ ಹಾಗೆ ತೂತುತೂತಾಗಿ, ಕಂದು ಬಣ್ಣಕ್ಕೆ ತಿರುಗುವವರೆಗೂ ಕಾಯುತ್ತಾನೆ. ಆಮೇಲೆ ಅಗಲವಾದ, ಅಂಚು ಹರಿತವಾಗಿರುವ ಮಗುಚೋ ಕೈಯನ್ನು ಹೆಚ್ಚುಕಮ್ಮಿ ಕಾವಲಿಗೆ ಒರಗಿಸಿಯೇ ಒಂದೇ ತಳ್ಳಿಗೆ ಕೆರೆದು ಎತ್ತುತ್ತಾನೆ. ಆ ಕರಕಲು ಪದರ ಪ್ಯಾಟಿಯ ಜೊತೆಗೇ ಏಳಬೇಕು. ಅದು ಕಾವಲಿ ಮೇಲೇ ಉಳಿದರೆ ರುಚಿಯೂ ಅಲ್ಲೇ ಉಳಿಯಿತು. ತಳಕ್ಕೆ ಅಂಟಿದ್ದನ್ನು ಪ್ರತಿ ಸಲ ಕೆರೆದು ತೆಗೆಯುತ್ತಾನಾ ಅನ್ನೋದನ್ನೂ ನೋಡಿ. ಬಿಟ್ಟರೆ ಅದು ಕಪ್ಪಾಗಿ ಮುಂದಿನ ಪ್ಯಾಟಿಗೆ ಕಹಿ ಕೊಡುತ್ತದೆ.

ಆ ಕಂದು ಪದರದ ಹಿಂದೆ ಇರೋದು ಮೈಯಾರ್ ಕ್ರಿಯೆ. 1912ರಲ್ಲಿ ಲೂಯಿ ಕಾಮಿಲ್ ಮೈಯಾರ್ ಅನ್ನುವ ಫ್ರಾನ್ಸಿನ ರಸಾಯನ ವಿಜ್ಞಾನಿ ಇದನ್ನು ವಿವರಿಸಿದ್ದು. ಮಾಂಸದ ಅಮೈನೋ ಆಮ್ಲಗಳು ಮತ್ತು ಸಕ್ಕರೆ ಅಂಶ ಬಿಸಿಗೆ ಸೇರಿ ನೂರಾರು ಹೊಸ ಪರಿಮಳ ಹುಟ್ಟಿಸುತ್ತವೆ. ಇದು ಜೋರಾಗಿ ನಡೆಯಬೇಕಾದರೆ ಸುಮಾರು 140 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ನೀರು ಇರುವವರೆಗೆ ಆ ಜಾಗ 100 ಡಿಗ್ರಿ ದಾಟುವುದಿಲ್ಲ. ಅದಕ್ಕೇ ಕಾವಲಿ ಅಷ್ಟು ಕಾದಿರಬೇಕು, ಮಾಂಸ ಅದಕ್ಕೆ ಪೂರ್ತಿ ತಗಲಬೇಕು. ತೆಳ್ಳಗೆ ಒತ್ತಿದ ಪ್ಯಾಟಿ ರುಚಿಯಾಗಿರುವುದಕ್ಕೆ ಬೇರೆ ಯಾವ ಮಸಾಲೆಯೂ ಕಾರಣ ಅಲ್ಲ. ಕಬ್ಬಿಣಕ್ಕೆ ತಾಗಿದ ಜಾಗ ಜಾಸ್ತಿ, ಅಷ್ಟೇ. ಗುಟ್ಟಿನ ಮಸಾಲೆ ಇದೆ ಅಂತ ಬೋರ್ಡ್ ಹಾಕಿಕೊಂಡ ಅಂಗಡಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಅಡುಗೆಮನೆ ಕಣ್ಣೆದುರಿಗೇ ಇರಬೇಕು ಅನ್ನುವುದು ಹೊಸ ಫ್ಯಾಷನ್ ಅಲ್ಲ. 1921ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ವೈಟ್ ಕ್ಯಾಸಲ್ ಅನ್ನುವ ಬರ್ಗರ್ ಅಂಗಡಿ ಶುರುವಾದಾಗ ಜನರಿಗೆ ಕೈಮಾ ಅಂದರೇ ಅನುಮಾನ. ಏನೇನು ಸೇರಿಸಿ ರುಬ್ಬಿರುತ್ತಾರೋ ಅಂತ. ಆಗ ಅದನ್ನು ಶುರು ಮಾಡಿದ ವಾಲ್ಟರ್ ಆಂಡರ್ಸನ್, ಬಿಲ್ಲಿ ಇಂಗ್ರಾಮ್ ಇಬ್ಬರೂ ಅಂಗಡಿಗೆ ಬಿಳಿ ಬಣ್ಣ ಹೊಡೆಸಿದರು, ಫಳಫಳ ಹೊಳೆಯುವ ಉಕ್ಕು ಹಾಕಿಸಿದರು, ಗಿರಾಕಿಗಳ ಕಣ್ಣೆದುರಿಗೇ ಬೇಯಿಸಿದರು. ಬರ್ಗರ್ ಬೆಲೆ 5 ಸೆಂಟ್. ಜನರ ಭಯ ಹೋಯಿತು. ಈಗಲೂ ಅವರ ಪುಟಾಣಿ ಚೌಕದ ಪ್ಯಾಟಿಯಲ್ಲಿ ಐದು ತೂತು ಇರುತ್ತವೆ. ಈರುಳ್ಳಿ ಹಾಸಿಗೆ ಮೇಲೆ ಇಟ್ಟಾಗ ಕೆಳಗಿನಿಂದ ಏಳುವ ಹಬೆ ಆ ತೂತುಗಳಲ್ಲಿ ಹಾದು ಬನ್ನನ್ನೂ ಬೇಯಿಸುತ್ತದೆ, ಪ್ಯಾಟಿ ಮಗುಚುವ ಕೆಲಸವೇ ಇಲ್ಲ. ನಾನು ಕರಕಲು ಪಕ್ಷದವನು, ಹಬೆಯಲ್ಲಿ ಬೆಂದದ್ದು ನನಗೆ ಅಷ್ಟು ಹಿಡಿಸುವುದಿಲ್ಲ, ಆದರೂ ಆ ತಲೆಗೆ ಭೇಷ್ ಅನ್ನಲೇಬೇಕು.

ಮೆನು ಚಿಕ್ಕದಿರಬೇಕು ಅನ್ನೋದೂ ಹಳೇ ಪಾಠವೇ. ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು 1948ರಲ್ಲಿ ಸ್ಯಾನ್ ಬರ್ನಾರ್ಡಿನೋದ ತಮ್ಮ ಹೋಟೆಲನ್ನು, ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದಾಗಲೇ, ಕೆಲಕಾಲ ಮುಚ್ಚಿ ಮೆನುವನ್ನು ಬರೀ 9 ಐಟಂಗೆ ಇಳಿಸಿದರು. ಬರ್ಗರ್ 15 ಸೆಂಟ್. ಬರ್ಗರ್ ಒಂದೇ ಥರ, ಒಂದೇ ವೇಗ. ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ಆ ಸರಪಳಿ ಅಂಗಡಿಗಳ ಮೆನು ಈಗ ಎಷ್ಟು ಉದ್ದ ಅಂತ ಕೇಳಬೇಡಿ. ನನ್ನ ಅನುಭವದಲ್ಲಿ ಬರ್ಗರ್, ಪಿಜ್ಜಾ, ನೂಡಲ್ಸ್, ಪಾಸ್ತಾ ಎಲ್ಲ ಒಂದೇ ಕಡೆ ಸಿಗುತ್ತದೆ ಅಂದರೆ ಯಾವುದೋ ಒಂದನ್ನು ಮಾತ್ರ ಶ್ರದ್ಧೆಯಿಂದ ಮಾಡುತ್ತಾರೆ, ಅದು ಬರ್ಗರ್ ಆಗಿರುವುದು ಅಪರೂಪ.

ಎರಡನೇ ಜಾಗ ಇದಕ್ಕೆ ಪೂರ್ತಿ ಉಲ್ಟಾ. ಹಳೇ ಬಾರ್. ಮಂದ ಬೆಳಕು, ಅಂಟಂಟು ಮೇಜು, ಮೂಲೆಯಲ್ಲಿ ಯಾರೂ ನೋಡದ ಟಿವಿ. ಇಲ್ಲಿ ಬರ್ಗರ್ ದಪ್ಪ. ಇಲ್ಲಿ ಅವಸರ ನಡೆಯುವುದಿಲ್ಲ, ಇಪ್ಪತ್ತು ನಿಮಿಷವಾದರೂ ಬೇಕು. ಕೌಂಟರ್ ಅಂಗಡಿಯಲ್ಲಿ ಅಂಚಿನ ರುಚಿಗೆ ಹೋಗುತ್ತೇನೆ, ಬಾರಿನಲ್ಲಿ ಒಳಗಿನ ರಸಕ್ಕೆ. ಪ್ಯಾಟಿ ದಪ್ಪ ಇದ್ದಾಗ ಮಾಂಸದ ಗುಣ ಮುಚ್ಚಿಡೋಕೆ ಆಗುವುದಿಲ್ಲ. ನೂರಕ್ಕೆ ಇಪ್ಪತ್ತರಷ್ಟು ಕೊಬ್ಬು ಇರಬೇಕು ಅನ್ನುತ್ತಾರೆ ಈ ಕೆಲಸ ಬಲ್ಲವರು. ಕಡಿಮೆ ಆದರೆ ಹೊಟ್ಟು, ಜಾಸ್ತಿ ಆದರೆ ಪ್ಯಾಟಿ ಕರಗಿ ಅರ್ಧ ಆಗುತ್ತದೆ. ಅವತ್ತೇ ರುಬ್ಬಿದ್ದು ಅಂದರೆ ಇನ್ನೂ ಒಳ್ಳೇದು.

ಇನ್ನೊಂದು ವಿಷಯ ಉಪ್ಪು. ಕೈಮಾಗೆ ಉಪ್ಪು ಮೊದಲೇ ಕಲಸಿ ನಾದಿದರೆ ಅದರೊಳಗಿನ ಪ್ರೋಟೀನ್ ಕರಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಸಾಸೇಜ್ ಮಾಡುವಾಗ ಬೇಕಾದ್ದು ಅದೇ. ಬರ್ಗರಿಗೆ ಅದು ಬೇಡ. ಕಚ್ಚಿದರೆ ಪುಟಿಯುವ ಹಾಗಿದ್ದರೆ, ಒಳಗೆ ನುಣ್ಣಗೆ ಒಂದೇ ಮುದ್ದೆಯಾಗಿದ್ದರೆ, ಉಪ್ಪನ್ನು ಮೊದಲೇ ಕಲಸಿ ಇಟ್ಟಿದ್ದಾರೆ ಅಂತ ಲೆಕ್ಕ. ಒಳ್ಳೇ ಪ್ಯಾಟಿ ಹಲ್ಲಿಗೆ ಸಿಕ್ಕ ತಕ್ಷಣ ಉದುರಬೇಕು. ಉಪ್ಪು ಬೀಳಬೇಕಾದ್ದು ಕಾವಲಿಗೆ ಹಾಕುವ ಹೊತ್ತಿಗೆ, ಹೊರಮೈ ಮೇಲೆ.

ಬಾರುಗಳಲ್ಲಿ ಎಷ್ಟು ಬೇಯಿಸಲಿ ಅಂತ ಕೇಳುತ್ತಾರೆ. ಮಧ್ಯೆ ಕೆಂಪು ಇರಲಿ ಅನ್ನುವವರು ಜಾಸ್ತಿ. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಮೇಲ್ಮೈಯಲ್ಲಿ ಇರುತ್ತವೆ, ಹೊರಗೆ ಬಿಸಿ ತಾಗಿದರೆ ಸಾಯುತ್ತವೆ. ರುಬ್ಬಿದ ಮೇಲೆ ಹೊರಗಿದ್ದದ್ದೂ ಒಳಗೆ ಹೋಗಿರುತ್ತದೆ. ಅದಕ್ಕೇ ಅಮೆರಿಕದ ಕೃಷಿ ಇಲಾಖೆ ಕೈಮಾ ಒಳಗಿನವರೆಗೂ 71 ಡಿಗ್ರಿ ಮುಟ್ಟಬೇಕು ಅನ್ನುತ್ತದೆ, ಕೋಳಿ ಆದರೆ 74. ತಮ್ಮ ಕಣ್ಣೆದುರಿಗೆ ಅವತ್ತೇ ರುಬ್ಬುವ ಜಾಗವಾದರೆ ಕೆಲವರು ಧೈರ್ಯ ಮಾಡುತ್ತಾರೆ. ಗುರುತಿಲ್ಲದ ಜಾಗದಲ್ಲಿ ನಾನಂತೂ ಪೂರ್ತಿ ಬೇಯಿಸಿ ಅಂತಲೇ ಹೇಳುತ್ತೇನೆ. ಕೊಬ್ಬು ಸರಿಯಾಗಿದ್ದರೆ ಪೂರ್ತಿ ಬೆಂದರೂ ರಸ ಇರುತ್ತದೆ. ಪೂರ್ತಿ ಬೇಯಿಸಿದ ತಕ್ಷಣ ಒಣಗಿಹೋಗುತ್ತದೆ ಅಂದರೆ ತಪ್ಪು ಬೇಯಿಸಿದ್ದರಲ್ಲಿ ಇಲ್ಲ, ಮಾಂಸ ಆರಿಸಿದ್ದರಲ್ಲಿ ಇದೆ.

ಬಾರ್ ಬರ್ಗರ್ ಅಂದಾಗ ಜೂಸಿ ಲೂಸಿ ನೆನಪಾಗುತ್ತದೆ. ಮಿನಿಯಾಪೊಲಿಸ್‌ನಲ್ಲಿ ಒಂದೇ ರಸ್ತೆಯ ಎರಡು ಬಾರುಗಳು, ಮ್ಯಾಟ್ಸ್ ಬಾರ್ ಮತ್ತು 5-8 ಕ್ಲಬ್, ಇದನ್ನು ಕಂಡುಹಿಡಿದದ್ದು ನಾವು ಅಂತ ಇವತ್ತಿಗೂ ಜಗಳ ಆಡುತ್ತವೆ. ಎರಡು ಪ್ಯಾಟಿ ಮಧ್ಯೆ ಚೀಸ್ ಇಟ್ಟು ಅಂಚು ಮುಚ್ಚಿ ಬೇಯಿಸುವುದು. ಒಳಗೆ ಚೀಸ್ ಕುದಿಯುತ್ತಿರುತ್ತದೆ. ಬಂದ ತಕ್ಷಣ ಕಚ್ಚಿದರೆ ನಾಲಿಗೆ ಸುಟ್ಟು ಮೂರು ದಿನ ಯಾವ ರುಚಿಯೂ ಗೊತ್ತಾಗುವುದಿಲ್ಲ. ಬೇಗ ತಿನ್ನಿ ಅಂತ ಇಷ್ಟು ಹೊತ್ತು ಹೇಳಿದೆನಲ್ಲ, ಈ ಬರ್ಗರ್ ಅದಕ್ಕೆ ಅಪವಾದ.

ಇನ್ನು ಈರುಳ್ಳಿ. ಈರುಳ್ಳಿಯನ್ನು ಸರಿಯಾಗಿ ಬಳಸುವ ಅಂಗಡಿ ಸಿಕ್ಕರೆ ಬಿಡಬೇಡಿ. ಓಕ್ಲಹೋಮಾದ ಎಲ್ ರೀನೋ ಅನ್ನುವ ಪುಟ್ಟ ಊರಿನಲ್ಲಿ 1920ರ ದಶಕದಲ್ಲಿ ಶುರುವಾದ ಪದ್ಧತಿ ಇದು. ಮಾಂಸ ದುಬಾರಿ, ಈರುಳ್ಳಿ ಅಗ್ಗ. ಉಂಡೆ ಮೇಲೆ ಒಂದು ಹಿಡಿ ತೆಳ್ಳಗೆ ಹೆಚ್ಚಿದ ಈರುಳ್ಳಿ ಹಾಕಿ ಒತ್ತಿಬಿಟ್ಟರೆ ಪ್ಯಾಟಿ ದೊಡ್ಡದಾಗಿ ಕಾಣುತ್ತದೆ, ಹೊಟ್ಟೆಯೂ ತುಂಬುತ್ತದೆ. ಮಗುಚಿದಾಗ ಈರುಳ್ಳಿ ಕೆಳಗೆ ಹೋಗಿ ಮಾಂಸದ ಕೊಬ್ಬಿನಲ್ಲೇ ಹುರಿಯುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಸೀದದ್ದು, ಸ್ವಲ್ಪ ಇನ್ನೂ ಹಸಿ. ಹಣ ಉಳಿಸೋಕೆ ಹೊರಟವರು ಹಣ ಕೊಟ್ಟರೂ ಸಿಗದ ರುಚಿ ಕಂಡುಕೊಂಡರು. ಈಗ ದೊಡ್ಡ ದೊಡ್ಡ ಊರುಗಳಲ್ಲಿ ಇದನ್ನು ಮಾಡುವ ಅಂಗಡಿಗಳು ಬಂದಿವೆ. ಒಂದೇ ಪರೀಕ್ಷೆ: ಈರುಳ್ಳಿ ಕೂದಲೆಳೆಯಷ್ಟು ತೆಳ್ಳಗಿದೆಯಾ? ದಪ್ಪ ಬಿಲ್ಲೆ ಹಾಕಿದರೆ ಕೆಲಸ ಕೆಟ್ಟಿತು. ಸಕ್ಕರೆ ಹಾಕಿ ಜಾಮ್ ಮಾಡಿಟ್ಟ ಈರುಳ್ಳಿ ತಂದರೆ ಅದು ಬೇರೆಯದೇ ತಿಂಡಿ.

ಚೀಸ್ ವಿಷಯದಲ್ಲಿ ಜನ ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ನನಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಬರುವ ಆ ಹಳದಿ ಸ್ಲೈಸೇ ಸಾಕು. ಬೇರೆ ಕಡೆ ಅದನ್ನು ತಿನ್ನಲ್ಲ, ಬರ್ಗರಲ್ಲಿ ಅದಕ್ಕೆ ಸಾಟಿ ಇಲ್ಲ. ಜೇಮ್ಸ್ ಕ್ರಾಫ್ಟ್ 1916ರಲ್ಲಿ ಸಂಸ್ಕರಿಸಿದ ಚೀಸಿಗೆ ಪೇಟೆಂಟ್ ತೆಗೆದುಕೊಂಡದ್ದು ಅದು ಕೆಡದೆ ಬಹಳ ದಿನ ಉಳಿಯಲಿ ಅಂತ. ಈಗ ಅದರಲ್ಲಿ ಹಾಕುವ ಸಿಟ್ರೇಟ್, ಫಾಸ್ಫೇಟ್ ಲವಣಗಳು ಕೊಬ್ಬು ಮತ್ತು ನೀರನ್ನು ಬೇರೆಯಾಗದ ಹಾಗೆ ಹಿಡಿದಿಡುತ್ತವೆ. ಹಳೇ ಚೆಡ್ಡಾರ್ ಬಿಸಿಯಾದರೆ ಎಣ್ಣೆ ಬಿಡುತ್ತದೆ, ಉಳಿದದ್ದು ಗಂಟಾಗುತ್ತದೆ. ಸ್ಲೈಸ್ ಹಾಗಲ್ಲ, ಸಾಸಿನ ಹಾಗೆ ಹರಿದು ಪ್ಯಾಟಿಯ ಸಂದಿಗೊಂದಿಗೆ ಇಳಿಯುತ್ತದೆ. ಗಮನಿಸಬೇಕಾದ್ದು ಒಂದೇ, ಚೀಸ್ ಪೂರ್ತಿ ಕರಗಿದೆಯಾ ಅಂತ. ಪ್ಯಾಟಿ ಮೇಲೆ ಚೀಸ್ ಇಟ್ಟು, ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ, ಮೇಲೆ ಒಂದು ಬಟ್ಟಲು ಬೋರಲು ಹಾಕಿದರೆ ಹಬೆಗೆ ಅರ್ಧ ನಿಮಿಷದಲ್ಲಿ ಕರಗುತ್ತದೆ. ಅಷ್ಟು ಮಾಡುವ ತಾಳ್ಮೆ ಇಲ್ಲದೆ ಮೂಲೆ ಚೂಪಾಗಿ ನಿಂತಿರುವ ಚೀಸ್ ಕೊಡುವವರಿಗೆ ಏನು ಹೇಳೋದು.

ಬನ್ ಬಗ್ಗೆ ಬರೆಯೋಕೆ ಶುರು ಮಾಡಿದರೆ ನನಗೆ ಕೋಪ ಬರುತ್ತದೆ, ಆದರೂ ಬರೆಯುತ್ತೇನೆ. ಬ್ರಿಯೋಶ್ ಬನ್ ಅನ್ನುವ ರೋಗ ದೊಡ್ಡ ಊರುಗಳಲ್ಲೆಲ್ಲ ಹಬ್ಬಿದೆ. ಮೊಟ್ಟೆ, ಬೆಣ್ಣೆ ಹಾಕಿ ಮಾಡಿದ ಹೊಳೆಯುವ ಸಿಹಿ ಬನ್. ಫೋಟೋದಲ್ಲಿ ಚೆಂದ. ಬಾಯಲ್ಲಿ ಕೇಕ್. ಅದೂ ಎತ್ತರ ಬೇರೆ, ಪ್ಯಾಟಿ ಸಿಗಬೇಕಾದರೆ ಎರಡು ತುತ್ತು ಬರೀ ಬ್ರೆಡ್ಡೇ ತಿನ್ನಬೇಕು. ಬನ್ನಿನ ಕೆಲಸ ಕೈ ಕೊಳೆಯಾಗದ ಹಾಗೆ ಮಾಂಸ ಹಿಡಿಯುವುದು, ರಸ ಹೀರಿಯೂ ಹರಿಯದೆ ಇರುವುದು. ಅದಕ್ಕೆ ಆಲೂಗಡ್ಡೆ ಹಾಕಿದ ಮೆತ್ತನೆಯ ಬನ್ ಸಾಕು, ಪಿಷ್ಟ ತೇವ ಹಿಡಿದಿಡುವುದರಿಂದ ಬೇಗ ಒಣಗುವುದಿಲ್ಲ. ಒಳಮೈಗೆ ಬೆಣ್ಣೆ ಸವರಿ ಕಾವಲಿ ಮೇಲೆ ಕಂದು ಬರುವವರೆಗೆ ಇಟ್ಟರೆ ಮೇಲೊಂದು ಗರಿಗರಿ ಪದರ ಬರುತ್ತದೆ, ರಸ ತಕ್ಷಣ ಒಳಗೆ ಇಳಿಯುವುದಿಲ್ಲ. ಬನ್ ಬಿಸಿ ಮಾಡದೆ ಕೊಡುವ ಜಾಗಕ್ಕೆ ನಾನು ಎರಡನೇ ಸಲ ಹೋಗುವುದಿಲ್ಲ. ಇಲ್ಲ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಹೋಗುವುದಿಲ್ಲ.

ಬನ್ನೇ ಬೇಡ ಅಂತ ಟೋಸ್ಟ್ ಮಾಡಿದ ಬ್ರೆಡ್ಡಿನಲ್ಲೇ ಕೊಡುವವರೂ ಇದ್ದಾರೆ. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿರುವ ಲೂಯಿಸ್ ಲಂಚ್ 1895ರಲ್ಲಿ ತೆರೆದದ್ದು, 1900ರಿಂದ ಹ್ಯಾಂಬರ್ಗರ್ ಮಾಡುತ್ತಿದ್ದೇವೆ ಅನ್ನುತ್ತಾರೆ. ಮೊದಲು ಮಾಡಿದ್ದು ನಾವು ಅಂತ ಹೇಳಿಕೊಳ್ಳುವ ಊರುಗಳು ಬೇರೆಯೂ ಇವೆ, ಆ ಪಂಚಾಯ್ತಿಗೆ ನಾನು ಹೋಗಲ್ಲ. ಅಲ್ಲಿ ಎರಕದ ಕಬ್ಬಿಣದ ಹಳೇ ಒಲೆಗಳಲ್ಲಿ ಪ್ಯಾಟಿಯನ್ನು ನೆಟ್ಟಗೆ ನಿಲ್ಲಿಸಿ ಎರಡೂ ಕಡೆ ಒಟ್ಟಿಗೇ ಬೇಯಿಸುತ್ತಾರೆ. ಚೀಸ್, ಈರುಳ್ಳಿ, ಟೊಮೇಟೊ ಬಿಟ್ಟರೆ ಇನ್ನೇನೂ ಇಲ್ಲ. ಕೆಚಪ್ ಕೇಳಿದರೆ ಕೊಡುವುದಿಲ್ಲ. ಈ ಹಟ ನನಗಿಷ್ಟ. ನಮ್ಮದು ಹೀಗೆ, ಬೇಕಾದರೆ ತಿನ್ನಿ ಅನ್ನುವ ಅಂಗಡಿಗೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಿರುತ್ತದೆ.

ದುಬಾರಿ ರೆಸ್ಟೋರೆಂಟಿನ ಬರ್ಗರ್? ತಿನ್ನಬಾರದು ಅಂತಲ್ಲ. ನ್ಯೂಯಾರ್ಕಿನಲ್ಲಿ ಡೇನಿಯಲ್ ಬುಲು ಅನ್ನುವ ಶೆಫ್ 2001ರಲ್ಲಿ ಪ್ಯಾಟಿಯೊಳಗೆ ಬಹಳ ಹೊತ್ತು ಬೇಯಿಸಿದ ಪಕ್ಕೆ ಮಾಂಸ, ಬಾತುಕೋಳಿ ಲಿವರ್ ಎಲ್ಲ ತುಂಬಿದ ಬರ್ಗರ್ ತಂದರು. ಅದರ ಹಿಂದೆಯೇ ದೊಡ್ಡ ಶೆಫ್‌ಗಳೆಲ್ಲ ಬರ್ಗರಿಗೆ ಕೈ ಹಾಕಿದರು. ಇವುಗಳಲ್ಲಿ ಎರಡು ಥರ. ಒಂದು, ಹಣ ಮಾಂಸದಲ್ಲಿ ಇರುವಂಥದ್ದು. ಇನ್ನೊಂದು, ಹಣ ಚಿನ್ನದ ರೇಕಿನಲ್ಲಿ, ಟ್ರಫಲ್ ಅನ್ನುವ ದುಬಾರಿ ಅಣಬೆಯ ಹೆಸರಿನ ಎಣ್ಣೆಯಲ್ಲಿ ಇರುವಂಥದ್ದು. ಎರಡನೆಯದು ಬರೀ ತಮಾಷೆ. ಟ್ರಫಲ್ ಎಣ್ಣೆ ಬಹಳ ಸಲ ಲ್ಯಾಬಿನಲ್ಲಿ ಮಾಡಿದ ಸುವಾಸನೆ, ಬರ್ಗರಿಗೆ ಬಿದ್ದರೆ ಬೇರೆ ಎಲ್ಲ ರುಚಿಯನ್ನೂ ಮುಚ್ಚಿಬಿಡುತ್ತದೆ. ಸ್ಟೇಕ್ ಮಾಡುವ ಜಾಗಗಳದ್ದು ಮಾತ್ರ ಬೇರೆ ಕಥೆ. ಅಲ್ಲಿ ಒಳ್ಳೇ ಮಾಂಸ ಕತ್ತರಿಸಿದಾಗ ಉಳಿದ ತುಂಡುಗಳನ್ನು ರುಬ್ಬಿ ಬರ್ಗರ್ ಮಾಡುತ್ತಾರೆ, ಬಹಳ ಕಡೆ ಮಧ್ಯಾಹ್ನ ಮಾತ್ರ. ರಾತ್ರಿಯ ಸ್ಟೇಕಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಕೊಟ್ಟರೆ ಅದೇ ಮಾಂಸದ ರುಚಿ ಮಧ್ಯಾಹ್ನ ಸಿಗುತ್ತದೆ. ದೊಡ್ಡ ಊರಲ್ಲಿ ಇರೋದರ ಲಾಭಗಳಲ್ಲಿ ಇದೂ ಒಂದು.

ಮಾಂಸ ತಿನ್ನದ ಗೆಳೆಯರ ಜೊತೆ ಹೋಗುವಾಗ ಬೇರೆ ಲೆಕ್ಕ. ಎಲ್ಲ ಕಡೆಯೂ ಒಂದು ವೆಜ್ ಬರ್ಗರ್ ಇಟ್ಟಿರುತ್ತಾರೆ, ಇಡಬೇಕಲ್ಲ ಅಂತ. ಫ್ರೀಜರಿನಿಂದ ತೆಗೆದು ಎಣ್ಣೆಗೆ ಹಾಕಿದ ಬಿಲ್ಲೆ. ಪಾಪ, ಅದನ್ನೇ ತಿನ್ನಬೇಕು ಅವರು. 2016ರಲ್ಲಿ ಗಿಡಮೂಲದ ಪದಾರ್ಥಗಳಿಂದಲೇ ಮಾಡಿದ ಇಂಪಾಸಿಬಲ್ ಬರ್ಗರ್ ಬಂದಾಗ ಸ್ವಲ್ಪ ಬದಲಾಯಿತು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಅನ್ನುವ ಅಂಶ ಇರುವ, ಸೋಯಾ ಗಿಡದ ಬೇರಿನಲ್ಲಿ ಸಿಗುವ ಪ್ರೋಟೀನನ್ನು ಯೀಸ್ಟ್ ಮೂಲಕ ತಯಾರಿಸಿ ಸೇರಿಸಿದ್ದರಿಂದ ಅದು ಬೇಯುವಾಗ ಮಾಂಸದ ಹಾಗೆಯೇ ವಾಸನೆ ಬರುತ್ತದೆ, ಬಣ್ಣವೂ ಬದಲಾಗುತ್ತದೆ. ಕಾವಲಿ ಮೇಲೆ ಒತ್ತಿದರೆ ಅಂಚು ಗರಿಗರಿ ಆಗುತ್ತದೆ. ಆದರೆ ಮಾಂಸವೇ ಬೇಡ ಅನ್ನುವವರಿಗೆ ಆ ವಾಸನೆ ಯಾಕೆ? ನನ್ನ ಗೆಳತಿಯೊಬ್ಬಳು ಮೊದಲ ತುತ್ತಿಗೇ ಕೆಳಗಿಟ್ಟು, ಇದು ನಿಜವಾಗಲೂ ವೆಜ್ಜಾ ಅಂತ ಮೂರು ಸಲ ಕೇಳಿದಳು. ಅವಳಿಗೆ ಬೇಕಾಗಿದ್ದು ಬೀನ್ಸ್, ಅಣಬೆ, ಧಾನ್ಯ ಹಾಕಿ ಮಾಡಿದ, ತರಕಾರಿಯ ರುಚಿಯೇ ಇರುವ ಪ್ಯಾಟಿ. ಅಂಥದ್ದನ್ನು ಮನಸ್ಸಿಟ್ಟು ಮಾಡುವ ಅಂಗಡಿಗಳು ದೊಡ್ಡ ಊರಲ್ಲಿ ಸಿಗುತ್ತವೆ, ಹೆಚ್ಚಿನವು ಬರೀ ವೆಜ್ ಅಂಗಡಿಗಳೇ. ಬೇರೆ ಕಡೆ ಹೋದರೆ ಒಂದು ಮಾತು ಕೇಳಿ: ಎರಡಕ್ಕೂ ಅದೇ ಕಾವಲಿಯಾ, ಬೇರೆಯಾ? ಸುಮ್ನೆ ಕೇಳಿ, ನಾಚಿಕೆ ಏನಿಲ್ಲ. ಉತ್ತರ ತಡವರಿಸಿದರೆ ಅದೇ ಕಾವಲಿ ಅಂತ ಅರ್ಥ.

ಸರಪಳಿ ಅಂಗಡಿಗಳನ್ನು ಬೈಯುವುದು ಈಗ ಶೋಕಿಯಾಗಿದೆ. ನಾನು ಬೈಯಲ್ಲ. ರಾತ್ರಿ ಒಂದು ಗಂಟೆಗೆ, ರೈಲು ತಪ್ಪಿದಾಗ, ಮಗು ಹಟ ಮಾಡುತ್ತಿರುವಾಗ ಅದೇ ರುಚಿ, ಅದೇ ಗಾತ್ರ ಸಿಗುತ್ತದೆ ಅನ್ನುವುದು ಸಣ್ಣ ವಿಷಯ ಅಲ್ಲ. ಆ ಗುಂಪಿನಲ್ಲೂ ಬೇರೆಯದನ್ನು ಯೋಚಿಸಿದವರು ಇದ್ದಾರೆ. ಜಪಾನಿನ ಮಾಸ್ ಬರ್ಗರ್ 1972ರಲ್ಲಿ ಶುರುವಾಗಿ, 1987ರಲ್ಲಿ ಬನ್ನಿನ ಬದಲು ಅನ್ನವನ್ನೇ ಬಿಲ್ಲೆ ಮಾಡಿ ಬರ್ಗರ್ ಕೊಟ್ಟಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲಿ 2001ರಲ್ಲಿ ಬರೀ ಹಾಟ್ ಡಾಗ್ ಗಾಡಿಯಾಗಿದ್ದದ್ದು 2004ರಲ್ಲಿ ಶೇಕ್ ಶ್ಯಾಕ್ ಗೂಡಂಗಡಿಯಾಗಿ, ಈಗ ಹಲವು ದೇಶಗಳಲ್ಲಿದೆ. ತೆಳ್ಳಗೆ ಒತ್ತಿದ ಪ್ಯಾಟಿ, ಆಲೂಗಡ್ಡೆ ಬನ್ ಇವತ್ತು ಎಲ್ಲ ಕಡೆ ಕಾಣುತ್ತಿರುವುದಕ್ಕೆ ಅವರೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಡೆಲಿವರಿ. ಬಿಸಿ ಬರ್ಗರನ್ನು ಮುಚ್ಚಿದ ಡಬ್ಬಿಯಲ್ಲಿ ಹಾಕಿ, ಅದನ್ನು ಬ್ಯಾಗಿನಲ್ಲಿಟ್ಟು, ದೊಡ್ಡ ಊರಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸುತ್ತಿಸಿದರೆ ಏನಾಗುತ್ತದೆ? ಅದರ ಹಬೆ ಅದನ್ನೇ ಬೇಯಿಸುತ್ತದೆ. ಬನ್ ಒದ್ದೆ, ಲೆಟ್ಯೂಸ್ ಸೊರಗಿದ ಸೊಪ್ಪು, ಕಷ್ಟಪಟ್ಟು ಮಾಡಿದ ಕರಕಲು ಅಂಚು ಮೆತ್ತಗೆ. ಫ್ರೈಸ್ ಕಥೆ ಇನ್ನೂ ಕೆಟ್ಟದು. ಎರಡು ಸಲ ಕರಿಯುವುದೇ ಹೊರಗೆ ಗರಿಗರಿ ಇರಲಿ ಅಂತ, ಮೊದಲು ಕಡಿಮೆ ಬಿಸಿಯಲ್ಲಿ ಒಳಗೆ ಬೇಯೋಕೆ, ಆಮೇಲೆ ಜಾಸ್ತಿ ಬಿಸಿಯಲ್ಲಿ. ಹತ್ತು ನಿಮಿಷ ಡಬ್ಬಿಯಲ್ಲಿದ್ದರೆ ಆ ಕೆಲಸವೆಲ್ಲ ನೀರುಪಾಲು. ಮೊನ್ನೆ ಮಳೆಯಲ್ಲಿ ಮನೆಗೆ ತರಿಸಿದ ಬರ್ಗರ್ ಬಿಚ್ಚಿದರೆ ಪ್ಯಾಟಿ ಒಂದು ಮೂಲೆಗೆ, ಬನ್ ಇನ್ನೊಂದು ಮೂಲೆಗೆ ಜಾರಿ ಕೂತಿದ್ದವು. ಅಂಗಡಿಯಿಂದ ಕಟ್ಟಿಸಿಕೊಂಡು ಹೋಗಲೇಬೇಕಾದರೆ ಮೇಣದ ಕಾಗದದಲ್ಲಿ ಸುತ್ತಿಸಿ, ಡಬ್ಬಿ ಬೇಡ ಅನ್ನಿ. ಅಲ್ಲೇ ಪಕ್ಕದ ಬೆಂಚಿನ ಮೇಲೋ ಮೆಟ್ಟಿಲ ಮೇಲೋ ಕೂತು ತಿಂದುಬಿಡಿ. ಕಾಗದದಲ್ಲಿ ಒಂದು ನಿಮಿಷ ಇದ್ದರೆ ಬನ್ ಸ್ವಲ್ಪ ಮೆತ್ತಗಾಗಿ ಇನ್ನೂ ಚೆನ್ನಾಗಿರುತ್ತದೆ.

ಯಾವ ಹೊತ್ತಿಗೆ ಹೋಗಬೇಕು? ಊಟದ ಗದ್ದಲದಲ್ಲಿ ಬೇಡ, ಪೂರ್ತಿ ಖಾಲಿ ಇರುವಾಗಲೂ ಬೇಡ. ಗದ್ದಲದಲ್ಲಿ ಕಾವಲಿ ತುಂಬ ತಣ್ಣನೆಯ ಪ್ಯಾಟಿ ಬಿದ್ದು ಬಿಸಿ ಇಳಿದುಬಿಡುತ್ತದೆ, ಮಾಂಸ ಹುರಿಯುವ ಬದಲು ಬೇಯುತ್ತದೆ. ಖಾಲಿ ಇರುವಾಗ ಕಾವಲಿಯ ಉರಿ ಸಣ್ಣಗೆ ಮಾಡಿಟ್ಟಿರುತ್ತಾರೆ. ಮಧ್ಯಾಹ್ನದ ಜನ ಕರಗುವ ಹೊತ್ತು ಒಳ್ಳೆಯದು. ಕಾವಲಿ ಕಾದಿರುತ್ತದೆ, ಮಾಡುವವನಿಗೂ ಉಸಿರಾಡೋಕೆ ಸಮಯ ಇರುತ್ತದೆ, ಮಾತಿಗೂ ಸಿಗುತ್ತಾನೆ. ಮೊದಲ ಸಲ ಹೋದಾಗ ಅಲ್ಲಿನ ಅತಿ ಸಾದಾ ಬರ್ಗರ್ ತಗೊಳ್ಳಿ. ಚೀಸ್, ಈರುಳ್ಳಿ, ಪಿಕಲ್ (ನಮ್ಮ ಉಪ್ಪಿನಕಾಯಿ ಅಲ್ಲ, ಹುಳಿ ನೀರಿನಲ್ಲಿ ನೆನೆಸಿದ ಸೌತೆಕಾಯಿ) ಸಾಕು. ಅದು ಚೆನ್ನಾಗಿಲ್ಲ ಅಂದರೆ ಬೇಕನ್, ಹುರಿದ ಮೊಟ್ಟೆ, ಅನಾನಸ್ ಏನು ಸೇರಿಸಿದರೂ ಆಗೋದು ಅಷ್ಟರಲ್ಲೇ ಇದೆ. ಮಧ್ಯೆ ಮರದ ಕಡ್ಡಿ ಚುಚ್ಚಿ ನಿಲ್ಲಿಸಿದ, ಬಾಯಿ ಅಗಲಿಸಿದರೂ ಒಳಗೆ ಹೋಗದ ಗೋಪುರಗಳನ್ನು ಚಾಕು ಫೋರ್ಕ್ ಹಿಡಿದು ತಿನ್ನಬೇಕು. ಹಾಗೆ ತಿನ್ನೋದಾದರೆ ಬನ್ ಯಾಕೆ ಬೇಕಿತ್ತು, ಅಲ್ವಾ?

ಇನ್ನೊಂದು ಮಾತು, ಹಸಿವು ಜಾಸ್ತಿ ಇದ್ದಾಗ. ತುಂಬ ಜನ ಮೂರು ನಾಲ್ಕು ಪ್ಯಾಟಿ ಇರುವುದನ್ನು ಹೇಳುತ್ತಾರೆ. ತೆಳ್ಳಗಿನ ಪ್ಯಾಟಿ ಆದರೆ ಎರಡರವರೆಗೆ ಸರಿ, ಮಧ್ಯೆ ಚೀಸ್ ಕರಗಿ ಎರಡನ್ನೂ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಬನ್ನಿನ ಪ್ರಮಾಣ ಕೆಡುತ್ತದೆ, ಕೊನೆಯ ತುತ್ತಿಗೆ ಬರುವಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ. ನಾನು ಒಂದೇ ಪ್ಯಾಟಿಯ ಬರ್ಗರ್ ಹೇಳುತ್ತೇನೆ. ಅದು ಮುಗಿಯುವಷ್ಟರಲ್ಲಿ ಕಾವಲಿ ಕಡೆ ನೋಡಿ ಇನ್ನೊಂದು ಬೆರಳು ತೋರಿಸುತ್ತೇನೆ. ಎರಡನೆಯದೂ ಬಿಸಿಯಾಗಿಯೇ ಬರುತ್ತದೆ, ಮೊದಲನೆಯದರಲ್ಲಿ ಪಿಕಲ್ ಕಮ್ಮಿ ಅನ್ನಿಸಿದ್ದರೆ ಇದಕ್ಕೆ ಜಾಸ್ತಿ ಹಾಕಿಸಿಕೊಳ್ಳಬಹುದು.